ಗುಸುಗುಸು ಅಕ್ಕನ ಸ್ವಂತ ಮಾತು

ರಂಗದ ಎಡಮಗ್ಗುಲಲ್ಲಿ, ಪಕ್ಕದ ಪರದೆಗೂ ಗೋಡೆಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಷ್ಟು ಇಕ್ಕಟ್ಟಾದ ಜಾಗವೊಂದಿತ್ತು. ಅಲ್ಲೊಂದು ಸ್ಟೂಲು, ಸ್ಟೂಲಿನ ಮೇಲೊಂದು ಹಳೆಯ ದಿಂಬು, ಗೋಡೆಯ ಮೊಳೆಗೆ ನೇತುಹಾಕಿದ ಪುಟಾಣಿ ಬಲ್ಬು. ಬಲ್ಬಿಗೆ ರಟ್ಟು ಸುತ್ತಿದ್ದರು. ಬೆಳಕು ಪುಸ್ತಕದ ಮೇಲೆ ಮಾತ್ರ ಬೀಳಬೇಕು, ಜನಕ್ಕೆ ಕಾಣಬಾರದು. ಸ್ಟೂಲಿನ ಮೇಲೆ ಕೂರುವವಳೂ ಅಷ್ಟೇ, ಜನಕ್ಕೆ ಕಾಣಬಾರದು. ನಾಟಕದ ಕಂಪನಿಯವರೆಲ್ಲ ಅವಳನ್ನು ಗುಸುಗುಸು ಅಕ್ಕ ಎನ್ನುತ್ತಿದ್ದರು. ಅವಳಿಗೊಂದು ಹೆಸರಿರಲಿಲ್ಲವೆಂದಲ್ಲ. ಸಂಬಳದ ದಿನ ಯಜಮಾನರು ಆ ಹೆಸರು ಹಿಡಿದು ಕೂಗುತ್ತಿದ್ದರು. ಅವಳು ಮಾತ್ರ ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಕೂತೇ ಇರುತ್ತಿದ್ದಳು. ಕೊನೆಗೆ ಯಾರಾದರೂ ತಿವಿದು ಎಬ್ಬಿಸಬೇಕಾಗುತ್ತಿತ್ತು.

ಅವಳದು ಪ್ರಾಂಪ್ಟರ್ ಕೆಲಸ. ನಟರು ಮಾತು ಮರೆತಾಗ ಪಕ್ಕದಿಂದ ಮೆಲ್ಲಗೆ ಎತ್ತಿಕೊಡುವುದು. ಕೇಳುವುದಕ್ಕೆ ಇಷ್ಟೇ. ಓದು ಬಂದವರು ಯಾರು ಬೇಕಾದರೂ ಮಾಡಬಹುದು ಎನ್ನುವವರು ಒಂದು ದಿನ ಆ ಸ್ಟೂಲಿನ ಮೇಲೆ ಕೂತು ನೋಡಲಿ. ನಟ ಸುಮ್ಮನಾದ ಅನ್ನಿ. ಅದು ಮರೆವೋ, ಬೇಕೆಂದೇ ತೆಗೆದುಕೊಂಡ ಬಿಡುವೋ? ಬಿಡುವು ತೆಗೆದುಕೊಂಡವನಿಗೆ ಮಾತು ಎತ್ತಿಕೊಟ್ಟರೆ ಒಳಗೆ ಬಂದು ಸಿಟ್ಟಿನಿಂದ ಕುಣಿದಾಡುತ್ತಾನೆ. ಮರೆತವನಿಗೆ ಕೊಡದಿದ್ದರೆ ನಿಂತಲ್ಲೇ ಬೆವರು ಸುರಿಸುತ್ತಾನೆ. ಅಕ್ಕನಿಗೆ ಅವರ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನೇ ಸಾಕಾಗಿತ್ತು. ಮರೆತವರ ಹೆಗಲು ಕೂದಲೆಳೆಯಷ್ಟು ಮೇಲೇರುತ್ತದೆ. ಅದು ಏರಿತೋ, ಇವಳ ಬಾಯಿ ತೆರೆಯಿತು.

ಇನ್ನೊಂದು ಸಂಗತಿ ನಾಟಕದವರಿಗಷ್ಟೇ ಗೊತ್ತು. ದೀಪದ ಕೆಳಗೆ ನಿಂತವನ ಕಿವಿಗೂ ಬಾಯಿಗೂ ನಡುವೆ ತಲೆ ಎಂಬುದು ಇರುವುದಿಲ್ಲ. ಪಕ್ಕದಿಂದ ಏನು ಬಂತೋ ಅದು ಹಾಗೆಯೇ ಹೊರಗೆ. ಒಮ್ಮೆ ಮಹಾರಾಜನ ಪಾರ್ಟಿನವನು ಸಿಂಹಾಸನದ ಮೇಲೆ ತಡವರಿಸುತ್ತಿದ್ದಾಗಲೇ ಅಕ್ಕನ ಕಾಲಡಿಗೆ ಬೆಕ್ಕೊಂದು ನುಗ್ಗಿತು. ‘ಥೂ, ಈ ಬೆಕ್ಕನ್ನ ಯಾರಾದ್ರೂ ಆಚೆ ಹಾಕ್ರೋ’ ಎಂದಳು ಪಾಪ, ತನ್ನಷ್ಟಕ್ಕೆ. ಮಹಾರಾಜ ಕೈಯೆತ್ತಿ ಗುಡುಗಿದ: ‘ಈ ಬೆಕ್ಕನ್ನ ಯಾರಾದ್ರೂ ಆಚೆ ಹಾಕ್ರೋ!’ ಮಂತ್ರಿಯ ಪಾರ್ಟಿನವನು ನಮಸ್ಕರಿಸಿ ಹೊರಟೇಬಿಟ್ಟ. ಜನ ಶತ್ರುರಾಜನನ್ನೇ ಬೆಕ್ಕು ಎಂದನೆಂದುಕೊಂಡು ಚಪ್ಪಾಳೆ ತಟ್ಟಿದರು. ಕಂಪನಿಯವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಯಜಮಾನರೊಬ್ಬರನ್ನು ಬಿಟ್ಟು. ‘ಪುಸ್ತಕದಲ್ಲಿ ಇಲ್ಲದ್ದು ಇನ್ನೊಂದ್ಸಲ ನಿಮ್ಮ ಬಾಯಿಂದ ಬಂದ್ರೆ ನೋಡಿ’ ಎಂದರು. ಅವತ್ತಿನಿಂದ ಸ್ಟೂಲಿನ ಮೇಲೆ ಕೂತಾಗ ಅಕ್ಕ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದಳು.

ಹಾಗೆ ನುಂಗಿ ನುಂಗಿ ಸ್ಟೂಲಿನಿಂದ ಇಳಿದ ಮೇಲೂ ಅವಳಿಗೆ ಸ್ವಂತದ ಮಾತು ಬಾಯಿಗೆ ಬರುವುದು ನಿಂತುಹೋಯಿತು. ಆಡುವುದಕ್ಕಾದರೂ ಯಾರಿದ್ದರು? ನಾಟಕದ ಮನೆಯ ಹಿಂದೆ, ಬಟ್ಟೆಬರೆ ಇಡುವ ಕೋಣೆಯ ಮೇಲೆ ಅವಳಿಗೊಂದು ರೂಮು ಕೊಟ್ಟಿದ್ದರು. ಮಂಚ, ಒಲೆ, ಒಂದು ಕಿಟಕಿ. ಕಿಟಕಿ ತೆರೆದರೆ ಟೈರ್ ಅಂಗಡಿಯ ಹಿಂಗೋಡೆ. ಸೋಮವಾರ ಕಂಪನಿಗೆ ರಜೆ. ಎಲ್ಲರಿಗೂ ಸಂಭ್ರಮ, ಅವಳಿಗೆ ಎದೆ ಭಾರ. ಆ ದಿನ ಹಾಲಿನವನಿಗೆ ಪಾತ್ರೆ ಇಟ್ಟರೆ ಸಾಕು, ಪೇಪರಿನವನು ಎಸೆದು ಹೋಗುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ನಾಲಿಗೆಗೆ ಕೆಲಸವೇ ಇಲ್ಲ. ಸುಮ್ಮನೆ ಮೂಲೆಯ ಅಂಗಡಿಗೆ ಹೋಗಿ, ಬೇಡದ ಸೋಪಿನ ಬೆಲೆ ಕೇಳಿ ಬರುತ್ತಿದ್ದಳು. ಅಂಗಡಿಯವನು ‘ಏನ್ ಅಕ್ಕಾ, ಗಂಟಲು ಕಟ್ಟಿದೆಯಾ?’ ಎನ್ನುತ್ತಿದ್ದ. ಅವಳ ದನಿ ಪಿಸುಮಾತಿಗಿಂತ ಮೇಲೆ ಏಳುವುದನ್ನೇ ಮರೆತಿತ್ತು. ಒಂಟಿತನ ಎಂದರೆ ಏನೋ ದೊಡ್ಡ ದುಃಖ ಎಂದುಕೊಳ್ಳುತ್ತೇವೆ. ಅವಳಿಗದು ‘ಚಹಾಕ್ಕೆ ಸಕ್ಕರೆ ಸಾಕಾ?’ ಎಂದು ಕೇಳಲು ಯಾರೂ ಇಲ್ಲದಿರುವುದು, ಅಷ್ಟೇ.

ಮೊದಲು ಒಂದು ಸಂಸಾರವಿತ್ತು. ಹುಡುಗಿಯಾಗಿದ್ದಾಗ ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದಳು, ಮೇಷ್ಟರು ಬೆನ್ನು ತಟ್ಟಿದ್ದರು. ಮದುವೆಯಾದ ಮೇಲೆ ಆ ಹುಚ್ಚಿನ ಮಾತೆತ್ತಿದಾಗ ಗಂಡ ‘ನನ್ನ ಹೆಂಡತಿ ಮುಖಕ್ಕೆ ಬಣ್ಣ ಬಳ್ಕೊಂಡು ಹತ್ತು ಜನದ ಮುಂದೆ ನಿಲ್ಲೋದಾ?’ ಎಂದು ನಕ್ಕಿದ್ದ. ನಕ್ಕ ದಿನಗಳು ಒಳ್ಳೆಯ ದಿನಗಳು. ನಗದ ದಿನಗಳಲ್ಲಿ ಅವನ ಕೈ ಮಾತಾಡುತ್ತಿತ್ತು. ಒಂದು ಬೆಳಗ್ಗೆ ಒಡೆದ ತುಟಿ ಹಿಡಿದುಕೊಂಡು ತವರಿಗೆ ಓಡಿದಳು. ಅಮ್ಮ ತುಟಿಗೆ ಮುಲಾಮು ಹಚ್ಚಿದಳು, ಅಣ್ಣ ಚಪ್ಪಲಿ ಮೆಟ್ಟಿಕೊಂಡು ‘ನಡಿ, ಬಿಟ್ಟು ಬರ್ತೀನಿ’ ಎಂದ. ಎಲ್ಲರೂ ಒಳ್ಳೆಯವರೇ. ‘ಹೋಗಬೇಡ’ ಎಂದು ಒಬ್ಬರೂ ಅನ್ನಲಿಲ್ಲ. ಗಂಡನ ಮನೆಯ ಬಾಗಿಲಲ್ಲಿ ಅಣ್ಣನೇ ಮೊಣಕೈಯಿಂದ ತಿವಿದು, ಕಿವಿಯಲ್ಲಿ ‘ತಪ್ಪಾಯ್ತು ಅನ್ನು’ ಎಂದು ಪಿಸುಗುಟ್ಟಿದ. ಅವಳು ಅಂದಳು. ಆಮೇಲೆ ಗಂಡ ಸಾಯುವವರೆಗೂ ಆ ಮನೆಯಲ್ಲಿ ತುಟಿ ಪಿಟಿಕ್ಕೆನ್ನದೆ ಬಾಳಿದಳು. ಮಕ್ಕಳಾಗಲಿಲ್ಲ. ಅದೂ ಅವಳದೇ ತಪ್ಪು ಎಂದರು. ಗಂಡ ಹೋದ ಮೇಲೆ ಕಂಪನಿಗೆ ಬಟ್ಟೆ ಹೊಲಿಯಲು ಬಂದವಳು, ಪ್ರಾಂಪ್ಟರ್ ಬಾರದ ಒಂದು ದಿನ ಸ್ಟೂಲಿನ ಮೇಲೆ ಕೂತಳು. ಅಲ್ಲೇ ಉಳಿದಳು.

ಕಂಪನಿಯ ಅನ್ನದಾತ ನಾಟಕ ಒಂದಿತ್ತು. ಯಜಮಾನರ ತಂದೆ ಬರೆದದ್ದು, ಪ್ರತಿ ಭಾನುವಾರ ಮಧ್ಯಾಹ್ನದ ಆಟ. ಹೆಂಡತಿಯೊಬ್ಬಳು ಮನೆ ಬಿಟ್ಟು ಹೋಗುತ್ತಾಳೆ, ಲೋಕದಲ್ಲಿ ಪಡಬಾರದ ಪಾಡು ಪಡುತ್ತಾಳೆ, ಕೊನೆಯ ದೃಶ್ಯದಲ್ಲಿ ಮರಳಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಗಂಡ ಕೇಳುತ್ತಾನೆ: ‘ಯಾಕೆ ಬಂದೆ? ಹೇಳು.’ ಅವಳು ಒಂದು ಬಿಡುವು ತೆಗೆದುಕೊಂಡು, ಮಂಡಿಯೂರಿ, ‘ತಪ್ಪೆಲ್ಲ ನನ್ನದು. ನಿಮ್ಮ ಮನೆಯ ಮೂಲೆಯಲ್ಲಿ ಇಷ್ಟು ಜಾಗ ಕೊಡಿ’ ಎನ್ನುತ್ತಾಳೆ. ಅವನು ‘ಏಳು. ನಿನ್ನನ್ನು ಕ್ಷಮಿಸಿದ್ದೇನೆ’ ಎನ್ನುತ್ತಾನೆ. ಪರದೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ಅವಳು ಮಾಡಿದ ತಪ್ಪಾದರೂ ಏನು ಎಂದು ಇಡೀ ನಾಟಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ದೊಡ್ಡ ಯಜಮಾನರಿಗೆ ಅದನ್ನು ಬರೆಯುವ ಅಗತ್ಯವೇ ಕಂಡಿರಲಿಲ್ಲ. ನಾಯಕಿಯರು ಬಂದರು, ಹೋದರು. ಆ ಮಾತನ್ನು ಮರೆತವರಿಗೆಲ್ಲ ಅಕ್ಕನೇ ಎತ್ತಿಕೊಟ್ಟಳು. ಒಂದು ಕಾಲದಲ್ಲಿ ಅಣ್ಣ ಮಾಡಿದ ಕೆಲಸವನ್ನು ಈಗ ತಾನೇ ಸಂಬಳಕ್ಕೆ ಮಾಡುತ್ತಿದ್ದೇನೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅನ್ನಿಸಿದ್ದನ್ನು ಯಾರಿಗೆ ಹೇಳುವುದು?

ಆಗ ಬಂದಳು ಕಡ್ಡಿ.

ಆ ಹೆಸರಿಟ್ಟವನು ದೀಪ ನೋಡಿಕೊಳ್ಳುವ ಮುದುಕ, ಎಲ್ಲರ ಬಾಯಲ್ಲಿ ಲೈಟಿನ ತಾತ. ‘ಏನಮ್ಮಾ, ಊಟ ಗೀಟ ಮಾಡ್ತೀಯೋ ಇಲ್ಲೋ? ಲೈಟ್ ಬಿಟ್ರೆ ಆಚೆ ಕಡೆ ಹೋಗುತ್ತೆ’ ಎಂದಿದ್ದ. ಸೂಟ್‌ಕೇಸು ಹಿಡಿದು ಬಂದ ಹುಡುಗಿ. ಊರಿನ ಆಚೆ ತುದಿಯ ಟೈಲ್ಸ್ ಅಂಗಡಿಯವನ ಹೆಂಡತಿ. ಅವನು ಹೊರಗಿನವರಿಗೆ ಬೆಣ್ಣೆಯಂಥ ಮನುಷ್ಯ. ಗಿರಾಕಿಗೆ ಕೈಯಾರೆ ನೀರು ಕೊಡುವವನು. ಒಳಗಿನ ಕಥೆ ಅವಳ ಎಡ ಮಣಿಕಟ್ಟಿಗೆ ಗೊತ್ತಿತ್ತು, ಸರಿಯಾಗಿ ಕೂಡದೆ ಸೊಟ್ಟಗೆ ನಿಂತ ಮಣಿಕಟ್ಟಿಗೆ. ಮೊದಲು ಬಟ್ಟೆ ಹೊಲಿದಳು, ಆಮೇಲೆ ನಾಯಕಿಗೆ ಜ್ವರ ಬಂದ ವಾರ ಅವಳ ಬದಲು ನಿಂತಳು. ದನಿ ಚೆನ್ನಾಗಿತ್ತು. ಯಜಮಾನರು ಇಟ್ಟುಕೊಂಡರು. ಇರಲು ಜಾಗವಿಲ್ಲದ್ದರಿಂದ ಅಕ್ಕನ ರೂಮಿಗೆ ಕಳಿಸಿದರು.

ಅಬ್ಬಾ, ಆ ಹುಡುಗಿಯ ಬಾಯೋ! ಹಲ್ಲುಜ್ಜುವಾಗಲೂ ಮಾತು. ಸ್ನಾನದ ಮನೆಯೊಳಗಿಂದ ಮಾತು. ‘ಅಕ್ಕಾ, ನೀವು ಯಾಕೆ ಯಾವಾಗ್ಲೂ ಕಳ್ಳರ ಥರ ಮಾತಾಡ್ತೀರಾ? ಇಲ್ಲಿ ಯಾರ್ ಕೇಳಿಸ್ಕೊಳ್ತಾರೆ? ಟೈರ್ ಅಂಗಡಿ ಗೋಡೆನಾ?’ ಎಂದು ಕೆಣಕುತ್ತಿದ್ದಳು. ಅಕ್ಕ ಮೊದಮೊದಲು ಹಣೆ ಗಂಟಿಕ್ಕಿದಳು. ತಿಂಗಳು ಕಳೆಯುವುದರಲ್ಲಿ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಒಲೆ ಹಚ್ಚುವಂತಾದಳು. ಮೊಟ್ಟೆ ಬೇಯಿಸಿದರೆ ದೊಡ್ಡದು ಅವಳಿಗೆ. ಸೋಮವಾರ ಇಬ್ಬರೂ ಮಂಚದ ಮೇಲೆ ಕೂತು ಮಾತು ಒಪ್ಪಿಸುತ್ತಿದ್ದರು. ಕಡ್ಡಿ ಹೆಂಡತಿ, ಅಕ್ಕ ಗಂಡ. ‘ಯಾಕೆ ಬಂದೆ? ಹೇಳು’ ಎಂದು ಅಕ್ಕ ಮೀಸೆ ತಿರುವಿದಂತೆ ಮಾಡಿದರೆ ಕಡ್ಡಿ ‘ನಿಮ್ಮ ಕೈಯ ಮೊಟ್ಟೆ ತಿನ್ನೋಕೆ’ ಎಂದು ಉರುಳಾಡಿ ನಗುತ್ತಿದ್ದಳು. ಅಕ್ಕನಿಗೂ ನಗು ಬರುತ್ತಿತ್ತು. ಅವಳ ನಗು ಮಾತ್ರ ಪಿಸುಮಾತಾಗಿರಲಿಲ್ಲ, ಕೆಳಗಿನ ಕೋಣೆಯವರೆಗೂ ಕೇಳುತ್ತಿತ್ತು. ಲೈಟಿನ ತಾತ ಒಮ್ಮೆ ಮೆಟ್ಟಿಲ ಬಳಿ ನಿಂತು ‘ಮೇಲೆ ಯಾರಮ್ಮಾ ನಕ್ಕಿದ್ದು? ಹೊಸಬರು ಬಂದಿದಾರಾ?’ ಎಂದು ಕೇಳಿದ್ದ.

ಟೈಲ್ಸ್ ಅಂಗಡಿಯವನಿಗೆ ಅವಳು ಓಡಿ ಹೋದದ್ದಕ್ಕಿಂತ ರಂಗದ ಮೇಲೆ ನಿಂತದ್ದು ಹೆಚ್ಚು ಉರಿಯಿತು. ಒಂದು ಗುರುವಾರ ಬೆಳಗ್ಗೆ ಯಜಮಾನರ ಆಫೀಸಿನಲ್ಲಿ ಪಂಚಾಯಿತಿ ಸೇರಿತು. ಅವನು, ಕಡ್ಡಿಯ ಅಣ್ಣ, ಯಾರೋ ಒಬ್ಬ ಸೋದರಮಾವ, ಯಜಮಾನರು. ಅಕ್ಕ ಚಹಾ ತಂದಿಟ್ಟು ಬಾಗಿಲ ಪಕ್ಕ ನಿಂತಳು. ಕಡ್ಡಿಗೆ ಕುರ್ಚಿ ಇರಲಿಲ್ಲ.

‘ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮಾ’ ಎಂದ ಸೋದರಮಾವ, ಚಹಾ ಹೀರುತ್ತ.

‘ನಮಗೂ ಕೆಟ್ಟ ಹೆಸರು ಬೇಡ ನೋಡಿ. ನಾಟಕದವರು ಸಂಸಾರ ಒಡೆದ್ರು ಅಂತಾರೆ’ ಎಂದರು ಯಜಮಾನರು.

‘ನಾನು ಹಳೇದೆಲ್ಲ ಹೊಟ್ಟೆಗೆ ಹಾಕ್ಕೊಂಡಿದೀನಿ’ ಎಂದ ಟೈಲ್ಸ್ ಅಂಗಡಿಯವನು. ಎಂಥ ದೊಡ್ಡ ಹೊಟ್ಟೆ! ಮುರಿದ ಮಣಿಕಟ್ಟು ಅವಳದು, ಹೊಟ್ಟೆಗೆ ಹಾಕಿಕೊಂಡವನು ಅವನು.

ಭಾನುವಾರದ ಆಟ ಮುಗಿದ ಕೂಡಲೇ ಅವಳನ್ನು ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ಎಲ್ಲ ಮುಗಿದ ಮೇಲೆ ಅಣ್ಣ ತಿರುಗಿ ‘ಏನಮ್ಮಾ, ಸರಿ ತಾನೇ?’ ಎಂದ. ಕಡ್ಡಿ ಸುಮ್ಮನಿದ್ದಳು. ಸೋದರಮಾವ ‘ಒಪ್ಕೊಂಡ್ಲು ಬಿಡಿ’ ಎಂದು ಎದ್ದೇಬಿಟ್ಟ. ಬಾಗಿಲ ಪಕ್ಕದಲ್ಲಿದ್ದ ಅಕ್ಕನಿಗೆ ಹುಡುಗಿಯ ಬೆನ್ನು ಕಾಣುತ್ತಿತ್ತು. ಹೆಗಲು ಮೇಲೇರಿತ್ತು. ಅದು ಒಪ್ಪಿಗೆಯ ಮೌನ ಅಲ್ಲವೇ ಅಲ್ಲ. ಮಾತು ಸಿಗದೆ ಒದ್ದಾಡುವವಳ ಮೌನ. ಅಕ್ಕನ ಬಾಯಿ ತೆರೆಯಿತು, ಕೈಯಲ್ಲಿ ಪುಸ್ತಕವಿಲ್ಲದ್ದರಿಂದ ಮುಚ್ಚಿತು.

ಶನಿವಾರ ಮಧ್ಯಾಹ್ನ ಕಡ್ಡಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಅವತ್ತು ಅವಳಿಗೂ ಮಾತಿರಲಿಲ್ಲ. ತುಂಬಿದ್ದನ್ನು ತೆಗೆದಳು, ತೆಗೆದದ್ದನ್ನು ಮತ್ತೆ ಮಡಿಸಿದಳು. ಕೊನೆಗೆ ನೆಲದ ಮೇಲೆ ಕೂತು ತಲೆಯೆತ್ತಿ ಕೇಳಿದಳು:

‘ಅಕ್ಕಾ, ನೀವೇನ್ ಹೇಳ್ತೀರಾ?’

ಎಷ್ಟು ವರ್ಷವಾಗಿತ್ತು ಯಾರಾದರೂ ಅವಳನ್ನು ಹಾಗೆ ಕೇಳಿ! ಅಕ್ಕನ ಗಂಟಲಿನವರೆಗೆ ಬಂತು, ‘ಹೋಗಬೇಡ ಕಣೇ’. ಅಲ್ಲೇ ನಿಂತಿತು. ನಿಂತದ್ದೇಕೆ ಗೊತ್ತೆ? ಹೆದರಿಕೆಯಿಂದಲ್ಲ. ಈ ಮಾತು ಯಾರಿಗಾಗಿ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಇವಳಿಗಾಗಿಯೋ, ನನ್ನ ಸೋಮವಾರಕ್ಕಾಗಿಯೋ? ಮತ್ತೆ ಗೋಡೆ ನೋಡುತ್ತ ಕೂರಬೇಕಲ್ಲ ಎಂಬ ಸಂಕಟಕ್ಕೆ ಒಂದು ಹುಡುಗಿಯ ಸಂಸಾರ ತಪ್ಪಿಸಲೇ? ಒಂದು ವೇಳೆ ಅವನು ನಿಜಕ್ಕೂ ಬದಲಾಗಿದ್ದರೆ? ಇಷ್ಟೆಲ್ಲ ಯೋಚನೆ ತಲೆಯಲ್ಲಿ ಸುತ್ತಿ, ಬಾಯಿಂದ ಹೊರಬಿದ್ದದ್ದು ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತು.

‘ನಾನೇನ್ ಹೇಳ್ಲಿ. ನಿನ್ನಿಷ್ಟ.’

ಕಡ್ಡಿ ಮಡಿಸಿದ್ದನ್ನೆಲ್ಲ ಒಳಗಿಟ್ಟಳು. ಆಮೇಲೆ ಸೂಟ್‌ಕೇಸಿನ ಮುಚ್ಚಳ ಹಾಕಿದಳು. ಆ ಕ್ಲಿಕ್ ಎಂಬ ಸದ್ದು ಕೇಳಿ ಅಕ್ಕನಿಗೆ ಅಮ್ಮನ ನೆನಪಾಯಿತು. ಮುಲಾಮು ಹಚ್ಚಿ ಸುಮ್ಮನಾದ ಅಮ್ಮ. ಆ ದಿನವೆಲ್ಲ ಅವಳಿಗೆ ತನ್ನ ಮೇಲೆ ಅಸಹ್ಯವೆನ್ನಿಸಿತು.

ಭಾನುವಾರ ಹಾಲ್ ತುಂಬಿತ್ತು. ಟೈಲ್ಸ್ ಅಂಗಡಿಯವನು ಮೊದಲ ಸಾಲಿನ ಮಧ್ಯದಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕಡ್ಡಿಯ ಅಣ್ಣ. ಅಕ್ಕ ತನ್ನ ಸ್ಟೂಲಿನಿಂದ ಬಗ್ಗಿದರೆ ಪರದೆಯ ಸಂದಿಯಲ್ಲಿ ಅವನ ಷೂ ಕಾಣುತ್ತಿತ್ತು. ಆ ಷೂ ಮೆಲ್ಲಗೆ ಅಲ್ಲಾಡುತ್ತಿತ್ತು, ತನ್ನ ಸಾಮಾನು ಕಟ್ಟಿಕೊಡುವುದನ್ನು ಕಾಯುವವನಂತೆ. ಹಿಂಬಾಗಿಲಲ್ಲಿ ಅವನ ಕಾರು ನಿಂತಿತ್ತು. ಕಾರಿನ ಡಿಕ್ಕಿಯಲ್ಲಿ ಕಡ್ಡಿಯ ಸೂಟ್‌ಕೇಸು ಆಗಲೇ ಕೂತಿತ್ತು.

ನಾಟಕ ಎಂದಿನಂತೆ ಸಾಗಿತು. ಮನೆ ಬಿಟ್ಟಳು, ಪಾಡು ಪಟ್ಟಳು, ಜನ ‘ಅಯ್ಯೋ’ ಎಂದರು. ಕಡ್ಡಿ ಒಂದು ಮಾತನ್ನೂ ಮರೆಯಲಿಲ್ಲ. ಕೊನೆಯ ದೃಶ್ಯ ಬಂತು. ಲೈಟಿನ ತಾತ ನೀಲಿ ದೀಪ ಬಿಟ್ಟ. ಗಂಡನ ಪಾರ್ಟಿನವನು, ಹಳೆಯ ಹೀರೋ, ಎದೆಯುಬ್ಬಿಸಿ ಕೇಳಿದ:

‘ಯಾಕೆ ಬಂದೆ? ಹೇಳು.’

ಬಿಡುವು. ಅದು ಇರಬೇಕಾದದ್ದೇ. ಅಕ್ಕ ಬೆರಳನ್ನು ಸಾಲಿನ ಮೇಲಿಟ್ಟು ಕಾದಳು. ಬಿಡುವು ಉದ್ದವಾಯಿತು. ಕಡ್ಡಿ ಮಂಡಿಯೂರಬೇಕಿತ್ತು, ಊರಲಿಲ್ಲ. ಅವಳ ಮುಖ ಹೀರೋನ ಕಡೆ ಇರಲಿಲ್ಲ, ಮೊದಲ ಸಾಲಿನ ಕಡೆ ಇತ್ತು. ಅಕ್ಕ ಬೆನ್ನು ನೋಡಿದಳು. ಹೆಗಲು ಮೇಲೇರಿತ್ತು, ಗುರುವಾರ ಆಫೀಸಿನಲ್ಲಿ ಏರಿದ ಹಾಗೆಯೇ. ಮಾತು ಎತ್ತಿಕೊಡಬೇಕಾದ ಹೊತ್ತು. ಅಕ್ಕ ಬಾಯಿ ತೆರೆದಳು. ‘ತಪ್ಪೆಲ್ಲ’ ಎಂಬುದು ನಾಲಿಗೆಯ ಮೇಲೆ ಬಂದು ಕೂತಿತು. ಆಗ ಅವಳಿಗೆ ತನ್ನ ಅಣ್ಣನ ಮೊಣಕೈ ಪಕ್ಕೆಗೆ ಚುಚ್ಚಿದಂತಾಯಿತು, ನಿಜವಾಗಿ ಚುಚ್ಚಿದಂತೆ. ಪುಸ್ತಕ ಮಡಿಲಿನಿಂದ ಜಾರಿತು. ನಾಟಕ, ಜನ, ಯಜಮಾನರು, ಬೆಕ್ಕಿನ ಪ್ರಸಂಗ ಎಲ್ಲವೂ ಮರೆತುಹೋದವು. ಇದ್ದದ್ದು ಆ ಹುಡುಗಿಯ ಬೆನ್ನು ಮಾತ್ರ. ನಿನ್ನೆ ಹೇಳದ್ದು ತಾನಾಗಿ ಬಾಯಿಂದ ಬಂತು, ರೂಮಿನಲ್ಲಿ ಮಂಚದ ಮೇಲೆ ಕೂತು ಹೇಳುವ ಹಾಗೆ.

‘ನಾನೂ ಹೀಗೇ ವಾಪಸ್ ಹೋಗಿದ್ದೆ ಕಣೇ. ಬೇಡ ಅಂತ ಒಬ್ರೂ ಅನ್ನಲಿಲ್ಲ. ಹೋಗಬೇಡ.’

ಕಡ್ಡಿಯ ಹೆಗಲು ಇಳಿಯಿತು. ಕತ್ತೆತ್ತಿ, ತುಂಬಿದ ಹಾಲಿಗೆ, ಹಿಂದಿನ ಬಾಗಿಲವರೆಗೆ ಕೇಳುವಂತೆ ಹೇಳಿದಳು:

‘ನಾನೂ ಹೀಗೇ ವಾಪಸ್ ಹೋಗಿದ್ದೆ ಕಣೇ! ಬೇಡ ಅಂತ ಒಬ್ರೂ ಅನ್ನಲಿಲ್ಲ! ಹೋಗಬೇಡ!’

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಳೆಯ ಹೀರೋಗೆ ಗರ ಬಡಿದಂತಾಯಿತು. ಎಷ್ಟೋ ವರ್ಷ ಒಂದೇ ಮಾತು ಆಡಿದವನು ಪಾಪ, ಎದುರಿನವಳು ಮಾತು ಮುಗಿಸಿದಳು ಎಂಬುದಷ್ಟೇ ಅವನಿಗೆ ತಿಳಿದದ್ದು. ರೂಢಿಯಂತೆ ಕೈ ಚಾಚಿ, ದನಿ ನಡುಗಿಸಿ, ‘ಏಳು. ನಿನ್ನನ್ನು ಕ್ಷಮಿಸಿದ್ದೇನೆ’ ಎಂದ. ಅವಳು ನೆಟ್ಟಗೆ ನಿಂತೇ ಇದ್ದಳು.

ಹಿಂದಿನ ಸಾಲಿನಿಂದ ಯಾವುದೋ ಹೆಂಗಸಿನ ದನಿ: ‘ಅವಳು ಕೂತೇ ಇಲ್ವಲ್ಲಯ್ಯಾ, ಏಳೋದೇನು!’

ನೋಡಿ, ಆಮೇಲೆ ಎದ್ದ ನಗು! ಹೆಂಗಸರು ನಕ್ಕರು, ಅವರು ನಕ್ಕದ್ದನ್ನು ನೋಡಿ ಗಂಡಸರೂ ನಕ್ಕರು. ಅಷ್ಟು ವರ್ಷ ಕಣ್ಣೀರು ತರಿಸಿದ ಕ್ಷಮೆ ಒಂದು ಗಳಿಗೆಯಲ್ಲಿ ತಮಾಷೆಯಾಯಿತು. ಮೊದಲ ಸಾಲಿನಲ್ಲಿ ಷೂ ಅಲ್ಲಾಡುವುದು ನಿಂತಿತ್ತು. ಟೈಲ್ಸ್ ಅಂಗಡಿಯವನು ಎದ್ದು, ನಗುವವರ ಮೊಣಕಾಲು ದಾಟಿಕೊಂಡು, ಕಿವಿಯವರೆಗೆ ಕೆಂಪಾಗಿ ಹೊರಟ. ಯಾರೋ ಗಾಬರಿಯಲ್ಲಿ ಪರದೆ ಎಳೆದರು.

ಹಿಂಬಾಗಿಲಲ್ಲಿ ಅವನು ಕಾರಿನ ಬಾಗಿಲು ತೆಗೆದು ನಿಂತಿದ್ದ. ‘ನಡಿ’ ಎಂದ.

‘ಬರಲ್ಲ’ ಎಂದಳು ಕಡ್ಡಿ. ಮುಖದ ಬಣ್ಣ ಇನ್ನೂ ಒರೆಸಿರಲಿಲ್ಲ.

‘ಏನೇ ಇದು? ಹಿರಿಯರ ಮುಂದೆ ಮಾತು ಕೊಟ್ಟಿದೀವಿ’ ಎಂದ ಅಣ್ಣ.

‘ನೀವು ಕೊಟ್ಟಿದ್ದು. ನಾನ್ಯಾವಾಗ ಕೊಟ್ಟೆ? ಸೂಟ್‌ಕೇಸ್ ಇಳಿಸು.’

ಟೈಲ್ಸ್ ಅಂಗಡಿಯವನು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಣ್ಣದವರು, ಪರದೆಯವರು, ಅರ್ಧ ಮೀಸೆ ಕಿತ್ತ ಹೀರೋ ಎಲ್ಲರೂ ಬಾಗಿಲಿಗೆ ಬಂದಿದ್ದರು. ಲೈಟಿನ ತಾತ ಕಾರಿನ ಡಿಕ್ಕಿಯ ಮೇಲೆ ಕೈಯಿಟ್ಟು ‘ತೆಗೀರಿ ಸ್ವಾಮಿ, ಹುಡುಗಿ ಸಾಮಾನು ಅದು’ ಎಂದ. ಬೆಣ್ಣೆಯಂಥ ಮನುಷ್ಯನಿಗೆ ಜನರ ಮುಂದೆ ಬೆಣ್ಣೆಯಾಗಿಯೇ ಇರಬೇಕಾಗಿ ಬಂತು. ಸೂಟ್‌ಕೇಸು ಇಳಿಯಿತು, ಕಾರು ಹೋಯಿತು.

ಯಜಮಾನರು ಕಿಡಿಕಿಡಿಯಾಗಿದ್ದರು. ‘ನಮ್ಮಪ್ಪ ಬರೆದ ನಾಟಕ! ಯಾರ್ ಕೊಟ್ಟಿದ್ದು ಆ ಮಾತು?’

‘ನಾನೇ’ ಎಂದಳು ಅಕ್ಕ.

ಎಲ್ಲರೂ ತಿರುಗಿ ನೋಡಿದರು. ದನಿ ಒಡಕಲಾಗಿತ್ತು, ಆದರೆ ಗಟ್ಟಿಯಾಗಿತ್ತು. ಯಜಮಾನರಿಗೆ ಬೈಯಲು ಹೊರಟ ಬೈಗುಳ ಮರೆತುಹೋಯಿತು. ‘ಅದು... ಪುಸ್ತಕದಲ್ಲಿ ಇಲ್ವಲ್ಲಮ್ಮಾ’ ಎಂದರು ಕೊನೆಗೆ.

‘ಇಲ್ಲ’ ಎಂದಳು ಅಕ್ಕ.

ಮೆಟ್ಟಿಲ ಮೇಲೆ ಕಡ್ಡಿ ಅವಳ ಕೈ ಹಿಡಿದುಕೊಂಡಳು. ‘ಬಾಯಿ ತಾನಾಗೇ ಹೇಳ್ಬಿಡ್ತು ಅಕ್ಕಾ. ಹೇಳಿದ ಮೇಲೆ ಗೊತ್ತಾಯ್ತು ಅದು ನಾಟಕದ್ದಲ್ಲ ಅಂತ. ಅದನ್ನ ಕೇಳಿಸ್ಕೊಂಡಿದ್ದು ನನ್ನ ಬಾಯಿಂದಾನೇ.’ ಆ ಸಂಜೆ ಇಬ್ಬರೂ ಮೊಟ್ಟೆ ಬೇಯಿಸಿ ತಿಂದರು. ಅಕ್ಕನಿಗೆ ಅಷ್ಟು ರುಚಿಯಾದ ಊಟ ನೆನಪಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಹಾಗಾಗಲಿಲ್ಲ. ಟೈಲ್ಸ್ ಅಂಗಡಿಯವನ ಕಾರು ದಿನಾ ಬೀದಿಯ ತುದಿಯಲ್ಲಿ ನಿಲ್ಲತೊಡಗಿತು. ಅವನು ಇಳಿಯುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದ. ಕಡ್ಡಿ ಮೂಲೆಯ ಅಂಗಡಿಗೆ ಇಳಿಯುವುದು ಬಿಟ್ಟಳು. ಸ್ನಾನದ ಮನೆಯಿಂದ ಮಾತು ಕೇಳುವುದು ನಿಂತಿತು. ರಂಗದ ಮೇಲೆ ನಿಂತರೆ ಕಣ್ಣು ಮೊದಲ ಸಾಲಿಗೇ ಹೋಗುತ್ತಿತ್ತು. ಬಹಳ ದೂರದ ಒಂದು ಊರಿನಲ್ಲಿ ಅವಳ ಜೊತೆ ಓದಿದವಳೊಬ್ಬಳು ಹೊಲಿಗೆಯ ಕಾರ್ಖಾನೆಯಲ್ಲಿದ್ದಳು. ಬಾ, ಇಲ್ಲಿ ಕೆಲಸವಿದೆ, ಹೆಂಗಸರ ಹಾಸ್ಟೆಲ್ ಇದೆ, ಇಲ್ಲಿ ನಿನ್ನನ್ನು ಯಾರೂ ಹುಡುಕುವುದಿಲ್ಲ ಎಂದು ಫೋನು ಮಾಡಿದಳು. ಹೋದರೆ ಇನ್ನು ಈ ಕಡೆ ತಲೆ ಹಾಕುವ ಹಾಗಿಲ್ಲ.

ಕಡ್ಡಿ ಮತ್ತೆ ಸೂಟ್‌ಕೇಸಿನ ಮುಂದೆ ಕೂತಳು. ಮತ್ತೆ ತಲೆಯೆತ್ತಿದಳು.

‘ಅಕ್ಕಾ, ನೀವೇನ್ ಹೇಳ್ತೀರಾ?’

ಈ ಸಲ ಅಕ್ಕನಿಗೆ ಯಾವ ಗೊಂದಲವೂ ಇರಲಿಲ್ಲ. ಯಾವ ಮಾತು ಹುಡುಗಿಯದು, ಯಾವ ಮಾತು ತನ್ನ ಸೋಮವಾರದ್ದು ಎಂದು ಬಿಸಿಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ತನ್ನದನ್ನು ಹಲ್ಲು ಕಚ್ಚಿ ಹಿಡಿದಳು. ಆಮೇಲೆ ಗಟ್ಟಿಯಾಗಿ, ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಲೇ ಹೇಳಿದಳು:

‘ಹೋಗು. ಇನ್ನೇನ್ ಯೋಚ್ನೆ? ಹೋಗು. ಚಳಿ ಇರುತ್ತೆ, ನನ್ನ ಶಾಲು ತಗೊಂಡು ಹೋಗು.’

‘ನೀವೂ ಬನ್ನಿ ಅಕ್ಕಾ.’

‘ನಾನ್ ಬಂದ್ರೆ ಆ ಹೀರೋಗೆ ಮಾತು ಎತ್ತಿಕೊಡೋರು ಯಾರು? ಪಾಪ, ನಿಂತಿರೋರಿಗೆಲ್ಲ ಏಳು ಏಳು ಅಂತಿರ್ತಾನೆ.’ ಕಡ್ಡಿ ನಕ್ಕಳು, ನಗುತ್ತ ನಗುತ್ತ ಅತ್ತಳು. ಶಾಲೂ ಅಕ್ಕನೂ ಸೇರಿ ಅವಳ ಕೆನ್ನೆ ಒರೆಸಿದರು.

ಭಾನುವಾರ ಬೆಳಗಿನ ಬಸ್ಸು. ಲೈಟಿನ ತಾತ ಹಿಂದಿನ ಗಲ್ಲಿಯಿಂದ ಇಬ್ಬರನ್ನೂ ಆಟೋ ಹತ್ತಿಸಿ ಕಳಿಸಿದ. ಬಸ್ಸು ಹೊರಟಾಗ ಕಡ್ಡಿ ಕಿಟಕಿಯಿಂದ ಕೈ ಹೊರಗೆ ಹಾಕಿದಳು, ಆ ಸೊಟ್ಟ ಮಣಿಕಟ್ಟಿನ ಕೈ. ಅಕ್ಕ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಅತ್ತರೆ ಅವಳು ಇಳಿದುಬಿಟ್ಟಾಳು ಎಂದು ಅಲ್ಲಿಯವರೆಗೆ ಅಳಲಿಲ್ಲ.

ಮಧ್ಯಾಹ್ನ ಆಟವಿತ್ತು. ಹೊಸ ನಾಯಕಿ ಬಂದಿದ್ದಳು, ಕಾಲೇಜು ಮುಗಿಸಿದ ಜಾಣ ಹುಡುಗಿ. ಯಜಮಾನರು ಹಳೆಯ ಮಾತನ್ನೇ ಹೇಳಬೇಕು ಎಂದು ತಾಕೀತು ಮಾಡಿದ್ದರು. ‘ಆ ಒಂದು ಮಾತು ನಾನು ಎತ್ತಿಕೊಡಲ್ಲ, ಬೇಕಾದ್ರೆ ಬೇರೆಯವರನ್ನ ಕೂರಿಸಿ’ ಎಂದು ಅಕ್ಕ ನೇರವಾಗಿ ಹೇಳಿದ್ದಳು. ಹಾಗೆ ಹೇಳಿದಾಗ ಯಜಮಾನರೇ ಪಿಸುದನಿಯಲ್ಲಿ ‘ಆಯ್ತಮ್ಮಾ’ ಎಂದಿದ್ದರು. ಆದರೆ ಎತ್ತಿಕೊಡುವ ಪ್ರಸಂಗವೇ ಬರಲಿಲ್ಲ. ಜಾಣ ಹುಡುಗಿಗೆ ಎಲ್ಲವೂ ಬಾಯಿಪಾಠವಾಗಿತ್ತು. ನೀಲಿ ದೀಪ, ಬಿಡುವು, ಮಂಡಿ, ತಪ್ಪೆಲ್ಲ ನನ್ನದು. ಜನ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೂ ನಗಲಿಲ್ಲ.

ಅಕ್ಕ ಪುಟಾಣಿ ಬಲ್ಬನ್ನು ಆರಿಸಿ ಮೆಟ್ಟಿಲು ಹತ್ತಿದಳು. ರೂಮಿನಲ್ಲಿ ಕಿಟಕಿ ತೆರೆದೇ ಇತ್ತು. ಮಂಚದ ಮೇಲೆ ಕಡ್ಡಿ ಕೂರುತ್ತಿದ್ದ ಕಡೆ ಹೊದಿಕೆ ಸುಕ್ಕಾಗಿತ್ತು. ಅದನ್ನು ಸರಿಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಒಲೆ ಹಚ್ಚಿದಳು, ಆರಿಸಿದಳು. ನಾಳೆ ಸೋಮವಾರ.

ಟೈರ್ ಅಂಗಡಿಯ ಗೋಡೆಗೆ ಮುಖ ಮಾಡಿ ನಿಂತು, ದಿನವಿಡೀ ಹಲ್ಲು ಕಚ್ಚಿ ಹಿಡಿದಿದ್ದನ್ನು ಹೇಳಿದಳು. ಪಿಸುಗುಟ್ಟಲಿಲ್ಲ, ಗಟ್ಟಿಯಾಗಿಯೇ ಹೇಳಿದಳು.

‘ಹೋಗಬೇಡ ಕಣೇ.’

ಅಭ್ಯಾಸಬಲ, ಒಂದು ಗಳಿಗೆ ಕಾದಳು. ಅದನ್ನು ಯಾರೂ ತಿರುಗಿ ಹೇಳಲಿಲ್ಲ.